ಪೋಸ್ಟ್‌ಗ್ರೆಸ್ ಮುಂದೆ ಪಿಜಿಬೌನ್ಸರ್ ಹಾಕಿದೆವು, ಈಗ ಹೊಸ ಎರರ್‌ಗಳು. ಅನುಭವ ಇದ್ದವರು ದಯವಿಟ್ಟು ಹೇಳಿ

ಸರ್ವರ್_ಕೋಣೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮದು ಕಾಲೇಜುಗಳ ಶುಲ್ಕ ಕಟ್ಟಿಸಿಕೊಳ್ಳುವ ಆ್ಯಪ್. ಡೇಟಾಬೇಸ್ ಪೋಸ್ಟ್‌ಗ್ರೆಸ್ 15, ರಾಕಿ ಲಿನಕ್ಸ್ 9 ಮೇಲೆ ಇದೆ. 16 ಕೋರ್, 64 ಜಿಬಿ ಮೆಮೊರಿ. ಅದರ ಮುಂದೆ ನಾಲ್ಕು ಜಾವಾ ಸರ್ವರ್‌ಗಳು, ಪ್ರತಿಯೊಂದರಲ್ಲೂ ಹಿಕಾರಿ (ಡೇಟಾಬೇಸ್ ಕನೆಕ್ಷನ್‌ಗಳನ್ನು ತೆರೆದಿಟ್ಟು ಮರುಬಳಸುವ ಜಾವಾ ಲೈಬ್ರರಿ) ಪೂಲ್ 60. ವರದಿ ತೆಗೆಯೋಕೆ ಬೇರೆ ಎರಡು ಸರ್ವರ್, ಅವಕ್ಕೆ ತಲಾ 30. ಒಟ್ಟು 300 ಕನೆಕ್ಷನ್. ಪೋಸ್ಟ್‌ಗ್ರೆಸ್‌ನಲ್ಲಿ ಮ್ಯಾಕ್ಸ್_ಕನೆಕ್ಷನ್ಸ್ ಕೂಡ 300 ಇಟ್ಟಿದ್ದೆವು. ಲೆಕ್ಕ ಸರಿಯಾಗಿದೆ ಅಂತಲೇ ನಂಬಿದ್ದೆವು.

ಶುಲ್ಕ ಕಟ್ಟುವ ಕೊನೇ ದಿನ ಬೆಳಿಗ್ಗೆ 11 ಗಂಟೆಗೆ ಲಾಗ್ ತುಂಬಾ ಒಂದೇ ಸಾಲು: "ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ". ಗಾಬರಿಯಲ್ಲಿ ಮ್ಯಾಕ್ಸ್_ಕನೆಕ್ಷನ್ಸ್ 800ಕ್ಕೆ ಏರಿಸಿ, ಹಿಕಾರಿ ಪೂಲ್ 150 ಮಾಡಿ, ರಿಸ್ಟಾರ್ಟ್ ಮಾಡಿದೆವು. ಎರರ್ ನಿಂತಿತು. ಆದರೆ ಸರ್ವರ್ ಲೋಡ್ 300 ದಾಟಿತು, ಒಂದು ರಸೀದಿ ಬರೋಕೆ ಅರ್ಧ ನಿಮಿಷ. ಮಕ್ಕಳ ಅಪ್ಪ ಅಮ್ಮಂದಿರು ಎರಡೆರಡು ಸಲ ದುಡ್ಡು ಕಟ್ಟಿದರು. ಅದನ್ನೆಲ್ಲ ವಾಪಸ್ ಮಾಡೋಕೆ ಮೂರು ವಾರ ಬೇಕಾಯಿತು.

ಆಮೇಲೆ ಪೋಸ್ಟ್‌ಗ್ರೆಸ್ ಮುಂದೆ ನಿಂತು ಕನೆಕ್ಷನ್ ಹಂಚುವ ಪಿಜಿಬೌನ್ಸರ್ 1.22 ಹಾಕಿದೆವು. ಟ್ರಾನ್ಸಾಕ್ಷನ್ ಮೋಡ್, ಅಂದರೆ ಒಂದು ಟ್ರಾನ್ಸಾಕ್ಷನ್ ಮುಗಿದ ಕೂಡಲೇ ಆ ಕನೆಕ್ಷನ್ ಇನ್ನೊಬ್ಬರಿಗೆ ಹೋಗಬಹುದು. ಡೀಫಾಲ್ಟ್_ಪೂಲ್_ಸೈಜ್ 100. ಈಗ ಮೂರು ತೊಂದರೆ:

ಒಂದು, ಮೊದಲು ಚೆನ್ನಾಗಿ ನಡೆಯುತ್ತಿದ್ದ ಒಂದು ಯೂಸರ್‌ಗೆ ಇದ್ದಕ್ಕಿದ್ದಂತೆ ಪಾಸ್‌ವರ್ಡ್ ತಪ್ಪು ಅನ್ನುತ್ತಿದೆ. ಪಾಸ್‌ವರ್ಡ್ ಬದಲಾಗಿಲ್ಲ.

ಎರಡು, ಆಗಾಗ "ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎಸ್_3 ಡಸ್ ನಾಟ್ ಎಕ್ಸಿಸ್ಟ್" ಅಂತ ಬರುತ್ತದೆ.

ಮೂರು, ಟೆಸ್ಟ್‌ನಲ್ಲಿ ಲೋಡ್ ಕೊಟ್ಟರೆ ಇನ್ನೂ ನಿಧಾನವೇ ಇದೆ.

ಮುಂದಿನ ಕೊನೇ ದಿನಾಂಕಕ್ಕೆ ಐದು ವಾರ ಇದೆ.

ಹಳೇ_ಡಿಬಿಎ

ಮೂರನೆಯದರಿಂದ ಶುರು ಮಾಡೋಣ. ಉಳಿದೆರಡು ಒಂದು ಗಂಟೆಯ ಕೆಲಸ.

ಮೊದಲು ಹಳೇ ಲೆಕ್ಕ. 300 ಇಟ್ಟರೆ ಆ್ಯಪ್‌ಗೆ 300 ಸಿಗುವುದಿಲ್ಲ. ಸೂಪರ್‌ಯೂಸರ್‌ಗೆ ಅಂತ ಪೋಸ್ಟ್‌ಗ್ರೆಸ್ 3 ಕನೆಕ್ಷನ್ ಎತ್ತಿಡುತ್ತದೆ. ಉಳಿದದ್ದು 297. ಜೊತೆಗೆ ಕ್ರಾನ್ ಜಾಬ್, ಮಾನಿಟರಿಂಗ್, ಯಾರೋ ತೆರೆದಿಟ್ಟ ಪಿಎಸ್‌ಕ್ಯೂಎಲ್ ಕಿಟಕಿ. ಎಲ್ಲ ಪೂಲ್‌ಗಳೂ ತುಂಬುವ ದಿನ ಇದು ಬೀಳಲೇಬೇಕಿತ್ತು.

800 ಮಾಡಿದಾಗ ಯಾಕೆ ನಿಧಾನ ಆಯಿತು ಅಂದರೆ, ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್‌ಗೂ ಒಂದು ಬೇರೆ ಪ್ರೋಸೆಸ್. 600 ಪ್ರೋಸೆಸ್‌ಗಳು 16 ಕೋರ್‌ಗೆ ಜಗ್ಗಾಡುತ್ತವೆ. ಲಾಕ್‌ಗಾಗಿ ಕಾಯುತ್ತವೆ, ಒಂದರ ಕ್ಯಾಶ್ ಇನ್ನೊಂದು ಹಾಳು ಮಾಡುತ್ತದೆ. ಪಂಕ್ತಿ ಊಟದಲ್ಲಿ 100 ಎಲೆ ಹಾಕುವ ಜಾಗಕ್ಕೆ 600 ಜನರನ್ನು ನುಗ್ಗಿಸಿದರೆ ಬಡಿಸುವವರಿಗೆ ಓಡಾಡೋಕೂ ದಾರಿ ಇರುವುದಿಲ್ಲ, ಅಲ್ವಾ? 100 ಜನ ಕೂತು, ಉಳಿದವರು ಹೊರಗೆ ಕಾದರೆ ಎಲ್ಲರ ಊಟವೂ ಬೇಗ ಮುಗಿಯುತ್ತದೆ. ಪಿಜಿಬೌನ್ಸರ್ ಮಾಡುವ ಕೆಲಸ ಇದೇ. ಜನರನ್ನು ಹೊರಗೆ ನೆರಳಲ್ಲಿ ಕೂರಿಸುವುದು. 2007ರಲ್ಲಿ ಸ್ಕೈಪ್‌ನ ಒಳಗೆ ಇದು ಹುಟ್ಟಿದ್ದೂ ಇಂಥ ಅಗತ್ಯಕ್ಕೇ.

ಈಗ ನಿಮ್ಮ 100. ಡೀಫಾಲ್ಟ್_ಪೂಲ್_ಸೈಜ್ ಅನ್ನುವುದು ಇಡೀ ಸರ್ವರ್‌ಗೆ ಅಲ್ಲ. ಒಂದು ಡೇಟಾಬೇಸ್ ಮತ್ತು ಒಂದು ಯೂಸರ್ ಸೇರಿ ಒಂದು ಜೋಡಿ, ಪ್ರತಿ ಜೋಡಿಗೂ ಅಷ್ಟು. ನಿಮ್ಮಲ್ಲಿ ಎಷ್ಟು ಡೇಟಾಬೇಸ್, ಎಷ್ಟು ಯೂಸರ್?

ಸರ್ವರ್_ಕೋಣೆ

ಚಾಲ್ತಿ ವರ್ಷದ್ದು ಒಂದು ಡೇಟಾಬೇಸ್, ಹಳೇ ವರ್ಷಗಳದ್ದು ಒಂದು. ಯೂಸರ್ ಮೂರು: ಶುಲ್ಕ, ವರದಿ, ಕ್ರಾನ್.

ಹಳೇ_ಡಿಬಿಎ

2 ಗುಣಿಸು 3, ಆರು ಜೋಡಿ. ಆರಕ್ಕೂ 100ರಂತೆ 600. ಅಂದರೆ ಪಿಜಿಬೌನ್ಸರ್ ಹಾಕಿದ ಮೇಲೂ ನೀವು ಅದೇ 600ಕ್ಕೆ ಬಾಗಿಲು ತೆರೆದಿಟ್ಟಿದ್ದೀರಿ. ಅದಕ್ಕೇ ಏನೂ ಬದಲಾಗಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಶುರುವಿಗೆ ನಾವು ಬಳಸುವ ಸೂತ್ರ: ಕೋರ್ ಎರಡರಷ್ಟು, ಜೊತೆಗೆ ಡಿಸ್ಕ್ ಎಷ್ಟೋ ಅಷ್ಟು. ಡಿಸ್ಕ್ ಒಂದೇ ಅಂತ ಹಿಡಿದರೆ ನಿಮಗೆ 33 ಬರುತ್ತದೆ. ಇದು ವೇದವಾಕ್ಯ ಅಲ್ಲ, ಅಳೆದು ನೋಡೋಕೆ ಒಂದು ಮೊದಲ ಹೆಜ್ಜೆ. ಚಾಲ್ತಿ ಡೇಟಾಬೇಸ್‌ಗೆ ಶುಲ್ಕ ಯೂಸರ್ 30. ವರದಿಗೆ ಬೇರೆ ಹೆಸರಲ್ಲಿ ಅದೇ ಡೇಟಾಬೇಸ್‌ನ ಇನ್ನೊಂದು ಸಾಲು ಬರೆದು ಪೂಲ್_ಸೈಜ್ 5. ಕ್ರಾನ್‌ಗೆ 3 ಸಾಕು. ವರದಿ ಸಾಲಿಗೆ ಮಾತ್ರ ಸೆಷನ್ ಮೋಡ್ (ಕ್ಲೈಂಟ್ ಬಿಟ್ಟು ಹೋಗುವ ತನಕ ಕನೆಕ್ಷನ್ ಅವರದ್ದೇ) ಕೊಡಬಹುದು, ಸಾಲು ಸಾಲಿಗೂ ಬೇರೆ ಮೋಡ್ ಇಡಲು ಅವಕಾಶ ಇದೆ. ಇವೆಲ್ಲದರ ಮೇಲೆ ಪ್ರತಿ ಡೇಟಾಬೇಸ್ ಸಾಲಿಗೂ ಮ್ಯಾಕ್ಸ್_ಡಿಬಿ_ಕನೆಕ್ಷನ್ಸ್ ಹಾಕಿ ಒಂದು ಗಡಿ ಎಳೆಯಿರಿ. ನಾಳೆ ಯಾರೋ ನಾಲ್ಕನೇ ಯೂಸರ್ ಸೇರಿಸಿದರೂ ಲೆಕ್ಕ ತಪ್ಪಬಾರದು.

ಮ್ಯಾಕ್ಸ್_ಕ್ಲೈಂಟ್_ಕನ್ ಎಷ್ಟಿದೆ ನೋಡಿ. ಡೀಫಾಲ್ಟ್ 100 ಮಾತ್ರ. ಇದನ್ನು ಧಾರಾಳವಾಗಿ ಏರಿಸಿ, 2000 ಇಡಿ. ಇದು ಹೊರಗೆ ಕಾಯುವವರ ಸಂಖ್ಯೆ, ಇಲ್ಲಿ ಜಿಪುಣತನ ಬೇಡ. ಒಂದು ಕ್ಲೈಂಟ್ ಕಾಯುವುದಕ್ಕೆ ಪಿಜಿಬೌನ್ಸರ್ ತೆಗೆದುಕೊಳ್ಳುವ ಮೆಮೊರಿ ತುಂಬಾ ಕಡಿಮೆ.

ಲಿನಕ್ಸ್_ಮನೆ

2000 ಮಾಡುವ ಮೊದಲು ಒಂದು ಮಾತು. ಪ್ರತಿ ಕನೆಕ್ಷನ್‌ಗೂ ಒಂದು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್ ಅಥವಾ ಕನೆಕ್ಷನ್‌ಗೆ ಲಿನಕ್ಸ್ ಕೊಡುವ ನಂಬರ್) ಬೇಕು. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಮೂಲಕ ಓಡುವ ಸರ್ವಿಸ್‌ಗೆ ಸಾಮಾನ್ಯವಾಗಿ ಸಾಫ್ಟ್ ಮಿತಿ 1024. ಯುಲಿಮಿಟ್ ಕಮಾಂಡ್ ಕೊಟ್ಟು ನೋಡಿದರೆ ನಿಮ್ಮ ಶೆಲ್‌ನ ಮಿತಿ ಕಾಣುತ್ತದೆ, ಸರ್ವಿಸ್‌ನದ್ದಲ್ಲ. ಪ್ರೋಸೆಸ್ ನಂಬರ್ ಹಿಡಿದು ಪ್ರಾಕ್ ಡೈರೆಕ್ಟರಿಯ ಲಿಮಿಟ್ಸ್ ಫೈಲ್ ತೆರೆದು ನೋಡಿ. ಬದಲಿಸೋಕೆ ಮೂಲ ಯೂನಿಟ್ ಫೈಲ್ ಮುಟ್ಟಬೇಡಿ, ಪ್ಯಾಕೇಜ್ ಅಪ್‌ಡೇಟ್ ಆದ ದಿನ ಅಳಿಸಿ ಹೋಗುತ್ತದೆ. ಸಿಸ್ಟಮ್‌ಸಿಟಿಎಲ್ ಎಡಿಟ್ ಕೊಟ್ಟು ಲಿಮಿಟ್‌ನೋಫೈಲ್ ಸಾಲನ್ನು ಅಲ್ಲಿ ಬರೆಯಿರಿ.

ಇನ್ನೊಂದು: ಎಲ್ಲಿ ಇನ್‌ಸ್ಟಾಲ್ ಮಾಡಿದ್ದೀರಿ? ಆ್ಯಪ್ ಸರ್ವರ್ ಒಂದೊಂದರಲ್ಲೂ ಹಾಕಿದ್ದರೆ ಮೇಲಿನ ಲೆಕ್ಕವನ್ನು ಮತ್ತೆ ನಾಲ್ಕರಿಂದ ಗುಣಿಸಬೇಕು.

ಸರ್ವರ್_ಕೋಣೆ

ಡೇಟಾಬೇಸ್ ಸರ್ವರ್‌ನಲ್ಲೇ ಒಂದೇ ಹಾಕಿದ್ದೇವೆ. ಪೋರ್ಟ್ 6432. ಮಿತಿ ನೋಡಿದೆ, ನೀವು ಹೇಳಿದಂತೆ 1024 ಇತ್ತು. ಬದಲಿಸಿದೆ. ಧನ್ಯವಾದ.

ಲಿನಕ್ಸ್_ಮನೆ

ನಿಮ್ಮ ಗಾತ್ರಕ್ಕೆ ಒಂದೇ ಸಾಕು. ಒಂದು ಪಿಜಿಬೌನ್ಸರ್ ಪ್ರೋಸೆಸ್ ಒಂದೇ ಕೋರ್ ಬಳಸುತ್ತದೆ, ಅದು ತುಂಬಿದ ದಿನ ಎರಡನೆಯದನ್ನು ಅದೇ ಪೋರ್ಟ್‌ನಲ್ಲಿ ಎಸ್‌ಒ_ರಿಯೂಸ್‌ಪೋರ್ಟ್ ಹಾಕಿ ಓಡಿಸಬಹುದು. ಈಗ ಬೇಡ.

ಆದರೆ ಪೋಸ್ಟ್‌ಗ್ರೆಸ್‌ನ 5432 ಪೋರ್ಟ್ ಇನ್ನೂ ಎಲ್ಲರಿಗೂ ತೆರೆದಿದೆಯಾ? ಫೈರ್‌ವಾಲ್ ಮತ್ತು ಪಿಜಿ_ಎಚ್‌ಬಿಎ (ಯಾರು ಎಲ್ಲಿಂದ ಲಾಗಿನ್ ಆಗಬಹುದು ಅನ್ನುವ ಪೋಸ್ಟ್‌ಗ್ರೆಸ್ ಫೈಲ್) ಎರಡರಲ್ಲೂ ಅದನ್ನು ಮುಚ್ಚಿ, ಪಿಜಿಬೌನ್ಸರ್ ಮತ್ತು ಅಡ್ಮಿನ್ ಮೆಷಿನ್ ಬಿಟ್ಟು. ಇಲ್ಲದಿದ್ದರೆ ಯಾವುದೋ ಮೂಲೆಯ ಹಳೇ ಸ್ಕ್ರಿಪ್ಟ್ ನೇರವಾಗಿ ಒಳಗೆ ಹೋಗಿ ಲೆಕ್ಕ ಕೆಡಿಸುತ್ತದೆ. ಮತ್ತೆ, ಇನ್ನು ಮೇಲೆ ಪೋಸ್ಟ್‌ಗ್ರೆಸ್‌ಗೆ ಎಲ್ಲ ಕನೆಕ್ಷನ್‌ಗಳೂ ಪಿಜಿಬೌನ್ಸರ್ ಐಪಿಯಿಂದಲೇ ಬಂದ ಹಾಗೆ ಕಾಣುತ್ತವೆ. ಯಾವ ಆ್ಯಪ್ ಸರ್ವರ್‌ದು ಅಂತ ತಿಳಿಯಬೇಕಾದರೆ ಅಪ್ಲಿಕೇಶನ್_ನೇಮ್_ಆ್ಯಡ್_ಹೋಸ್ಟ್ ಆನ್ ಮಾಡಿ. ಆಡಿಟ್‌ನವರು ಕೇಳಿದಾಗ ಉತ್ತರ ಕೈಯಲ್ಲಿರುತ್ತದೆ.

ಜಾವಾ_ಹುಡುಗಿ

ಎಸ್_3 ಎರರ್ ನನಗೆ ಚೆನ್ನಾಗಿ ಗೊತ್ತು.

ಜಾವಾದ ಪೋಸ್ಟ್‌ಗ್ರೆಸ್ ಡ್ರೈವರ್ ಒಂದೇ ಕ್ವೆರಿಯನ್ನು ಐದನೇ ಸಲ ಓಡಿಸುವಾಗ ಅದಕ್ಕೆ ಎಸ್_1, ಎಸ್_2 ಅಂತ ಹೆಸರು ಕೊಟ್ಟು ಸರ್ವರ್‌ನಲ್ಲಿ ಇಟ್ಟುಬಿಡುತ್ತದೆ. ಮುಂದಿನ ಸಲ ಹೆಸರು ಹೇಳಿದರೆ ಸಾಕು. ಆದರೆ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಮುಂದಿನ ಸಲ ನಿಮಗೆ ಸಿಗುವುದು ಬೇರೆ ಸರ್ವರ್ ಕನೆಕ್ಷನ್. ಅಲ್ಲಿ ಎಸ್_3 ಯಾರು ಅಂತಲೇ ಗೊತ್ತಿಲ್ಲ. ಅದಕ್ಕೇ ಸ್ವಲ್ಪ ಹೊತ್ತು ಎಲ್ಲ ಸರಿ ಇದ್ದು ಆಮೇಲೆ ಎರರ್ ಶುರುವಾಗುತ್ತದೆ.

ಹಿಂದೆ ಇದಕ್ಕೆ ಡ್ರೈವರ್‌ನಲ್ಲಿ ಪ್ರಿಪೇರ್‌ಥ್ರೆಶೋಲ್ಡ್ 0 ಇಡುವುದೊಂದೇ ದಾರಿ ಆಗಿತ್ತು. 2023ರ ಅಕ್ಟೋಬರ್‌ನಲ್ಲಿ ಬಂದ 1.21ರಿಂದ ಪಿಜಿಬೌನ್ಸರ್ ತಾನೇ ಈ ಹೆಸರುಗಳನ್ನು ನೆನಪಿಟ್ಟುಕೊಂಡು, ಬೇಕಾದ ಕನೆಕ್ಷನ್‌ನಲ್ಲಿ ಮತ್ತೆ ತಯಾರು ಮಾಡಿಕೊಡುತ್ತದೆ. ನಿಮ್ಮ 1.22ರಲ್ಲಿ ಈ ಸೌಲಭ್ಯ ಇದೆ, ಆದರೆ ಡೀಫಾಲ್ಟ್ ಆಗಿ ಆಫ್. ಮ್ಯಾಕ್ಸ್_ಪ್ರಿಪೇರ್ಡ್_ಸ್ಟೇಟ್‌ಮೆಂಟ್ಸ್ 200 ಇಡಿ. ಎಸ್‌ಕ್ಯೂಎಲ್‌ನಲ್ಲೇ ಪ್ರಿಪೇರ್ ಅಂತ ಕೈಯಾರೆ ಬರೆದದ್ದಕ್ಕೆ ಇದು ಕೆಲಸ ಮಾಡುವುದಿಲ್ಲ, ಡ್ರೈವರ್ ಮಾಡುವುದಕ್ಕೆ ಮಾತ್ರ.

ಇದರ ಜೊತೆ ಒಂದು ಅಭ್ಯಾಸ ಮಾಡಿಕೊಳ್ಳಿ. ಟೇಬಲ್‌ಗೆ ಹೊಸ ಕಾಲಮ್ ಸೇರಿಸಿದ ಮೇಲೆ "ಕ್ಯಾಶ್ಡ್ ಪ್ಲಾನ್ ಮಸ್ಟ್ ನಾಟ್ ಚೇಂಜ್ ರಿಸಲ್ಟ್ ಟೈಪ್" ಅಂತ ಬರಬಹುದು. ಪಿಜಿಬೌನ್ಸರ್‌ನ ಅಡ್ಮಿನ್ ಕನ್ಸೋಲ್‌ಗೆ ಹೋಗಿ ರಿಕನೆಕ್ಟ್ ಕೊಟ್ಟರೆ ಹೋಗುತ್ತದೆ. ಆ್ಯಪ್ ರಿಸ್ಟಾರ್ಟ್ ಬೇಕಿಲ್ಲ.

ಹಳೇ_ಡಿಬಿಎ

ಪಾಸ್‌ವರ್ಡ್ ವಿಷಯ. ಪಿಜಿಬೌನ್ಸರ್‌ನ ಯೂಸರ್‌ಲಿಸ್ಟ್ ಫೈಲ್‌ನಲ್ಲಿ ಏನು ಬರೆದಿದ್ದೀರಿ? ಪಾಸ್‌ವರ್ಡ್ ಅನ್ನೇ ಬರೆದಿದ್ದೀರಾ ಅಥವಾ ಪೋಸ್ಟ್‌ಗ್ರೆಸ್‌ನ ಪಿಜಿ_ಶ್ಯಾಡೋದಿಂದ ಸ್ಕ್ರಾಮ್ ಸಾಲನ್ನು (ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ಇಟ್ಟ ಗುಪ್ತ ರೂಪ) ಕಾಪಿ ಮಾಡಿದ್ದೀರಾ?

ಸರ್ವರ್_ಕೋಣೆ

ಸ್ಕ್ರಾಮ್ ಸಾಲು. ಕಾಪಿ ಮಾಡಿದ ದಿನ ಸರಿಯಾಗಿ ನಡೆಯಿತು. ಈಗ ವಿಚಾರಿಸಿದೆ. ಸಹೋದ್ಯೋಗಿಯೊಬ್ಬರು ಪಾಸ್‌ವರ್ಡ್ ಖಚಿತ ಮಾಡಿಕೊಳ್ಳೋಣ ಅಂತ ಆಲ್ಟರ್ ರೋಲ್ ಕೊಟ್ಟು ಅದೇ ಪಾಸ್‌ವರ್ಡ್ ಮತ್ತೆ ಹಾಕಿದ್ದರಂತೆ. ಅದೇ ಪಾಸ್‌ವರ್ಡ್ ಆದ ಮೇಲೆ ಯಾಕೆ ಕೆಡಬೇಕು?

ಹಳೇ_ಡಿಬಿಎ

ಪ್ರತಿ ಸಲ ಪಾಸ್‌ವರ್ಡ್ ಹಾಕಿದಾಗಲೂ ಪೋಸ್ಟ್‌ಗ್ರೆಸ್ ಹೊಸ ಸಾಲ್ಟ್ (ಲೆಕ್ಕಕ್ಕೆ ಬೆರೆಸುವ ಯಾದೃಚ್ಛಿಕ ಅಕ್ಷರಗಳು) ಹುಟ್ಟಿಸುತ್ತದೆ. ಪಾಸ್‌ವರ್ಡ್ ಅದೇ, ಆದರೆ ಅದರಿಂದ ಬರುವ ಸ್ಕ್ರಾಮ್ ಸಾಲು ಬೇರೆ. ಕ್ಲೈಂಟ್ ಪಿಜಿಬೌನ್ಸರ್‌ಗೆ ಸಲೀಸಾಗಿ ಲಾಗಿನ್ ಆಗುತ್ತದೆ, ಯಾಕಂದರೆ ಅಲ್ಲಿ ಹಳೇ ಸಾಲು ಮತ್ತು ಪಾಸ್‌ವರ್ಡ್ ಹೊಂದುತ್ತವೆ. ಆದರೆ ಆ ಹಳೇ ಸಾಲಿನ ಕೀ ಹಿಡಿದು ಪಿಜಿಬೌನ್ಸರ್ ಪೋಸ್ಟ್‌ಗ್ರೆಸ್ ಬಾಗಿಲಿಗೆ ಹೋದಾಗ ಅಲ್ಲಿ ಬೀಗ ಬದಲಾಗಿರುತ್ತದೆ. ಎರಡೂ ಕಡೆ ಸಾಲು ಅಕ್ಷರಶಃ ಒಂದೇ ಇರಬೇಕು.

ಈಗಿನ ಮಟ್ಟಿಗೆ ಹೊಸ ಸಾಲನ್ನು ಕಾಪಿ ಮಾಡಿ ರಿಲೋಡ್ ಕೊಡಿ. ಮುಂದಕ್ಕೆ ಆಥ್_ಕ್ವೆರಿಗೆ ಬನ್ನಿ. ಒಂದು ಚಿಕ್ಕ ಯೂಸರ್ ಮಾಡಿ, ಪಾಸ್‌ವರ್ಡ್ ಸಾಲನ್ನು ಹುಡುಕಿಕೊಡುವ ಒಂದು ಸೆಕ್ಯೂರಿಟಿ ಡಿಫೈನರ್ ಫಂಕ್ಷನ್ (ತನ್ನ ಮಾಲೀಕನ ಹಕ್ಕಿನಲ್ಲಿ ಓಡುವಂಥದ್ದು) ಬರೆದು, ಅದನ್ನು ಓಡಿಸುವ ಹಕ್ಕು ಆ ಯೂಸರ್‌ಗೆ ಮಾತ್ರ ಕೊಡಿ. ಆಗ ಫೈಲ್‌ನಲ್ಲಿ ಆ ಒಬ್ಬನ ಸಾಲು ಸಾಕು. ಉಳಿದವರನ್ನು ಪಿಜಿಬೌನ್ಸರ್ ಪೋಸ್ಟ್‌ಗ್ರೆಸ್‌ಗೇ ಕೇಳಿ ತಿಳಿಯುತ್ತದೆ. ಫೈಲ್‌ನ ಪರ್ಮಿಶನ್ 600, ಮಾಲೀಕ ಪಿಜಿಬೌನ್ಸರ್ ಯೂಸರ್. ಇದನ್ನು ಮರೆಯಬೇಡಿ.

ಹಳೇ ಸರ್ವರ್‌ನಿಂದ ಬರುವವರಿಗೆ: ಎಂಡಿ5 (ಹಳೇ ಪಾಸ್‌ವರ್ಡ್ ವಿಧಾನ) ಸಾಲು ಇಟ್ಟುಕೊಂಡು ಸ್ಕ್ರಾಮ್ ಕೇಳುವ ಪೋಸ್ಟ್‌ಗ್ರೆಸ್‌ಗೆ ಲಾಗಿನ್ ಆಗಲು ಸಾಧ್ಯವೇ ಇಲ್ಲ. ಪೋಸ್ಟ್‌ಗ್ರೆಸ್ 14ರಿಂದ ಸ್ಕ್ರಾಮ್ ಡೀಫಾಲ್ಟ್ ಆಗಿರುವುದರಿಂದ ಅಪ್‌ಗ್ರೇಡ್ ಮಾಡುವಾಗ ಇಲ್ಲೇ ಜಾಸ್ತಿ ಜನ ಸಿಕ್ಕಿಕೊಳ್ಳುತ್ತಾರೆ.

ರಾತ್ರಿ_ಪಾಳಿ

ಎಲ್ಲರೂ ಎರರ್ ಬಗ್ಗೆ ಮಾತಾಡುತ್ತಿದ್ದೀರಿ. ಎರರ್ ಬಂದರೆ ಪುಣ್ಯ. ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಎರರ್ ಬರದೆ ಕೆಡುವ ಜಾಗ ಒಂದಿದೆ. ಅದನ್ನು ಹೇಳಲೇಬೇಕು.

ನಾನು ಹಿಂದೆ ಇದ್ದ ಕಡೆ ಒಂದೇ ಡೇಟಾಬೇಸ್‌ನಲ್ಲಿ ಹಲವು ಶಾಖೆಗಳ ದಾಖಲೆ ಇತ್ತು. ಯಾವ ಶಾಖೆಯವರು ಯಾವ ಸಾಲು ನೋಡಬಹುದು ಅಂತ ರೋ ಲೆವೆಲ್ ಸೆಕ್ಯೂರಿಟಿ ಹಾಕಿದ್ದರು. ಲಾಗಿನ್ ಆದ ಕೂಡಲೇ ಆ್ಯಪ್ ಒಂದು ಸೆಟ್ ಕಮಾಂಡ್ ಕೊಟ್ಟು ಶಾಖೆಯ ನಂಬರ್ ಇಡುತ್ತಿತ್ತು. ವರ್ಷಗಟ್ಟಲೆ ಸರಿಯಾಗಿ ನಡೆದಿತ್ತು. ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡ್‌ಗೆ ಬದಲಾದ ಮೂರನೇ ದಿನ ಒಬ್ಬ ಗುಮಾಸ್ತರು ಫೋನ್ ಮಾಡಿದರು. "ನನ್ನ ಪಟ್ಟಿಯಲ್ಲಿ ಬೇರೆ ಊರಿನವರ ಹೆಸರು ಬರ್ತಿದೆ" ಅಂದರು. ರಾತ್ರಿ ಹತ್ತೂವರೆ. ನನ್ನ ಕೈ ನಡುಗಿತ್ತು.

ಆದದ್ದು ಇಷ್ಟು. 7ನೇ ಶಾಖೆಯವರು ಕೊಟ್ಟ ಸೆಟ್ ಆ ಸರ್ವರ್ ಕನೆಕ್ಷನ್ ಮೇಲೆ ಹಾಗೇ ಉಳಿದಿತ್ತು. ಟ್ರಾನ್ಸಾಕ್ಷನ್ ಮುಗಿದ ಮೇಲೆ ಅದೇ ಕನೆಕ್ಷನ್ 12ನೇ ಶಾಖೆಯವರ ಕೈಗೆ ಬಂತು. ಡಿಸ್ಕಾರ್ಡ್ ಆಲ್ ಕೊಟ್ಟು ತೊಳೆಯುವ ಸರ್ವರ್_ರಿಸೆಟ್_ಕ್ವೆರಿ ಸೆಷನ್ ಮೋಡ್‌ನಲ್ಲಿ ಮಾತ್ರ ಓಡುತ್ತದೆ. ನಮಗೆ ಅದು ಗೊತ್ತಿರಲಿಲ್ಲ.

ದಾರಿ: ಸೆಟ್ ಬದಲು ಸೆಟ್ ಲೋಕಲ್, ಅದೂ ಟ್ರಾನ್ಸಾಕ್ಷನ್ ಒಳಗೇ. ಅದು ಟ್ರಾನ್ಸಾಕ್ಷನ್ ಜೊತೆಗೇ ಅಳಿಯುತ್ತದೆ. ಇದೇ ಸಾಲಿನಲ್ಲಿ ಲಿಸನ್, ಸೆಷನ್ ಮಟ್ಟದ ಅಡ್ವೈಸರಿ ಲಾಕ್, ಸಾಲು ಉಳಿಸಿಕೊಳ್ಳುವ ಟೆಂಪ್ ಟೇಬಲ್, ವಿತ್ ಹೋಲ್ಡ್ ಕರ್ಸರ್, ಯಾವುದೂ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ನಂಬಿಕೆಗೆ ಅರ್ಹ ಅಲ್ಲ. ಸ್ಕೀಮಾ ಬದಲಿಸುವ ಟೂಲ್‌ಗಳು ಅಡ್ವೈಸರಿ ಲಾಕ್ ಹಿಡಿಯುತ್ತವೆ, ಅವನ್ನು 5432ಕ್ಕೆ ನೇರವಾಗಿ ಕಳಿಸಿ. ಮೋಡ್ ಬದಲಿಸುವ ಮೊದಲು ಕೋಡ್ ಪೂರ್ತಿ ಹುಡುಕಿ. ದಯವಿಟ್ಟು.

ಸರ್ವರ್_ಕೋಣೆ

ಹುಡುಕಿದೆವು. ಎರಡು ಕಡೆ ಸೆಟ್ ಟೈಮ್‌ಝೋನ್ ಸಿಕ್ಕಿತು, ತೆಗೆದೆವು. ಶಾಖೆಯಂಥದ್ದು ನಮ್ಮಲ್ಲಿ ಇಲ್ಲ. ಆದರೂ ನೀವು ಹೇಳಿದ್ದು ಓದಿ ನಿದ್ದೆ ಬರಲಿಲ್ಲ. ಅಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್.

ಪೂಲ್ 30 ಮಾಡಿ ಲೋಡ್ ಟೆಸ್ಟ್ ಮಾಡಿದೆ. ಡೇಟಾಬೇಸ್ ಸಿಪಿಯು ಈಗ 15% ಮಾತ್ರ. ಆದರೆ ಶೋ ಪೂಲ್ಸ್ ಕೊಟ್ಟರೆ ಸಿಎಲ್_ವೇಟಿಂಗ್ (ಕಾಯುತ್ತಿರುವ ಕ್ಲೈಂಟ್) 180, ಎಸ್‌ವಿ_ಆ್ಯಕ್ಟಿವ್ (ಬಳಕೆಯಲ್ಲಿರುವ ಸರ್ವರ್ ಕನೆಕ್ಷನ್) 30, ಮ್ಯಾಕ್ಸ್‌ವೇಟ್ (ಸಾಲಿನ ಮೊದಲಿಗರು ಕಾದ ಹೊತ್ತು) 22 ಸೆಕೆಂಡ್. ಸರ್ವರ್ ಸುಮ್ನೆ ಕೂತಿದೆ, ಜನ ಕಾಯುತ್ತಿದ್ದಾರೆ. ಪೂಲ್ 60 ಮಾಡಲಾ?

ಹಳೇ_ಡಿಬಿಎ

ಬೇಡ. ಮಾಡಬೇಡಿ. ಈ ಮೂರು ಅಂಕಿಗಳೇ ನಿಮಗೆ ಕಾಯಿಲೆ ಎಲ್ಲಿ ಅಂತ ಹೇಳುತ್ತಿವೆ. ಕನೆಕ್ಷನ್ ಎಲ್ಲವೂ ಯಾರದೋ ಕೈಯಲ್ಲಿವೆ, ಆದರೆ ಸಿಪಿಯು ಖಾಲಿ. ಅಂದರೆ ಹಿಡಿದವರು ಕೆಲಸ ಮಾಡುತ್ತಿಲ್ಲ. ಎಲೆ ಮುಂದೆ ಕೂತಿದ್ದಾರೆ, ಊಟ ಮಾಡುತ್ತಿಲ್ಲ.

ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ನೋಡಿ. ಸ್ಟೇಟ್ ಕಾಲಮ್‌ನಲ್ಲಿ "ಐಡಲ್ ಇನ್ ಟ್ರಾನ್ಸಾಕ್ಷನ್" ಎಷ್ಟಿದೆ? ಅವುಗಳ ಕೊನೇ ಕ್ವೆರಿ ಯಾವುದು?

ಸರ್ವರ್_ಕೋಣೆ

30ರಲ್ಲಿ 27 ಐಡಲ್ ಇನ್ ಟ್ರಾನ್ಸಾಕ್ಷನ್. ಕೊನೇ ಕ್ವೆರಿ ಎಲ್ಲದರಲ್ಲೂ ಒಂದೇ: ರಸೀದಿ ಟೇಬಲ್‌ಗೆ ಇನ್ಸರ್ಟ್.

ಜಾವಾ_ಹುಡುಗಿ

ಆ ಇನ್ಸರ್ಟ್ ಆದ ಮೇಲೆ, ಕಮಿಟ್ ಆಗುವ ಮೊದಲು ಕೋಡ್ ಏನು ಮಾಡುತ್ತದೆ? ಹೊರಗಿನ ಯಾವುದಾದರೂ ಸರ್ವಿಸ್ ಕರೆಯುತ್ತದಾ?

ಸರ್ವರ್_ಕೋಣೆ

ಸಿಕ್ಕಿತು! ರಸೀದಿ ಉಳಿಸಿ, ಪೋಷಕರಿಗೆ ಎಸ್‌ಎಂಎಸ್ ಕಳಿಸಿ, ಆಮೇಲೆ ಮೆಥಡ್ ಮುಗಿಯುತ್ತದೆ. ಇಡೀ ಮೆಥಡ್ ಮೇಲೆ ಟ್ರಾನ್ಸಾಕ್ಷನಲ್ ಅಂತ ಇದೆ, ಅಂದರೆ ಮೆಥಡ್ ಮುಗಿದ ಮೇಲೆಯೇ ಕಮಿಟ್. ಎಸ್‌ಎಂಎಸ್ ಕಡೆಯಿಂದ ಉತ್ತರ ಬರೋಕೆ ಲೋಡ್ ಇದ್ದಾಗ ಸುಮಾರು 4 ಸೆಕೆಂಡ್ ಆಗುತ್ತದೆ.

ಜಾವಾ_ಹುಡುಗಿ

ಹಾಗಾದರೆ ಲೆಕ್ಕ ನೋಡಿ. ಒಂದು ರಸೀದಿ ಕನೆಕ್ಷನ್ ಹಿಡಿದಿರುವುದು 4 ಸೆಕೆಂಡ್. 30 ಕನೆಕ್ಷನ್ ಅಂದರೆ ಸೆಕೆಂಡಿಗೆ 7 ಅಥವಾ 8 ರಸೀದಿ. ಪೂಲ್ 60 ಮಾಡಿದರೆ 15. ಡೇಟಾಬೇಸ್‌ನಲ್ಲಿ ನಿಜವಾದ ಕೆಲಸ 20 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಅಷ್ಟು ಹೊತ್ತು ಮಾತ್ರ ಹಿಡಿದರೆ ಅದೇ 30 ಕನೆಕ್ಷನ್‌ನಲ್ಲಿ ಲೆಕ್ಕಕ್ಕೆ ಸೆಕೆಂಡಿಗೆ 1500. ಪೂಲ್ ಏರಿಸಿ ಎರಡು ಪಟ್ಟು ಪಡೆಯುವ ಬದಲು ಒಂದು ಸಾಲು ಜಾಗ ಬದಲಿಸಿ ಎಷ್ಟು ಪಡೆಯಬಹುದು ನೋಡಿ.

ಎಸ್‌ಎಂಎಸ್ ಕಳಿಸುವುದನ್ನು ಕಮಿಟ್ ನಂತರಕ್ಕೆ ಹಾಕಿ. ಇನ್ನೂ ಒಳ್ಳೆಯದು ಅಂದರೆ, ಕಳಿಸಬೇಕಾದ ಸಂದೇಶವನ್ನು ಅದೇ ಟ್ರಾನ್ಸಾಕ್ಷನ್‌ನಲ್ಲಿ ಒಂದು ಟೇಬಲ್‌ಗೆ ಬರೆದಿಟ್ಟು, ಬೇರೆ ಕೆಲಸಗಾರ ಪ್ರೋಸೆಸ್ ಅದನ್ನು ಎತ್ತಿಕೊಂಡು ಕಳಿಸಲಿ. ಎಸ್‌ಎಂಎಸ್ ಕಡೆಯವರು ಬಿದ್ದರೂ ರಸೀದಿ ನಿಲ್ಲುವುದಿಲ್ಲ, ಸಂದೇಶವೂ ಕಳೆಯುವುದಿಲ್ಲ.

ರಾತ್ರಿ_ಪಾಳಿ

ಕಾವಲಿಗೆ ಪೋಸ್ಟ್‌ಗ್ರೆಸ್‌ನಲ್ಲಿ ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮೌಟ್ 10 ಸೆಕೆಂಡ್ ಇಡಿ. ನಾಳೆ ಇನ್ನೊಬ್ಬರು ಬಂದು ಟ್ರಾನ್ಸಾಕ್ಷನ್ ಒಳಗೆ ಇಮೇಲ್ ಕಳಿಸಿ ಅದು 10 ಸೆಕೆಂಡ್ ದಾಟಿದರೆ ಟೆಸ್ಟ್‌ನಲ್ಲೇ ಸಿಕ್ಕಿಬೀಳುತ್ತಾರೆ. ಅಲಾರಂ ಇಡುವುದಾದರೆ ಸಿಎಲ್_ವೇಟಿಂಗ್ ಮೇಲೆ ಇಡಬೇಡಿ, ಅದು ಆಗಾಗ ಏರಿಳಿಯುತ್ತದೆ, ಏರುವುದು ಸಹಜ. ಮ್ಯಾಕ್ಸ್‌ವೇಟ್ ಮೇಲೆ ಇಡಿ. ಮೊದಲು ಕಾಯುತ್ತಿರುವವರು 2 ಸೆಕೆಂಡ್ ದಾಟಿದರೆ ನನಗೆ ಫೋನ್ ಬರುತ್ತದೆ.

ಸರ್ವರ್_ಕೋಣೆ

ಐದು ವಾರದ ನಂತರ ಬರೆಯುತ್ತಿದ್ದೇನೆ. ನಿನ್ನೆ ಕೊನೇ ದಿನ ಇತ್ತು.

ಬೆಳಿಗ್ಗೆ 11ಕ್ಕೆ 700 ಚಿಲ್ಲರೆ ಕ್ಲೈಂಟ್ ಕನೆಕ್ಷನ್. ಪೋಸ್ಟ್‌ಗ್ರೆಸ್ ಕಡೆ 30 ದಾಟಲಿಲ್ಲ, ಬಹಳ ಹೊತ್ತು ಹನ್ನೆರಡೋ ಹದಿನೈದೋ ಮಾತ್ರ ಕೆಲಸದಲ್ಲಿದ್ದವು. ಮ್ಯಾಕ್ಸ್‌ವೇಟ್ ದಿನಪೂರ್ತಿ 0, ಒಂದೇ ಒಂದು ಸಲ 1 ಕಂಡಿತು. ಮಧ್ಯಾಹ್ನ ಎಸ್‌ಎಂಎಸ್ ಕಡೆಯದು 20 ನಿಮಿಷ ನಿಂತಿತ್ತು. ರಸೀದಿಗಳು ಹಾಗೇ ಬರುತ್ತಿದ್ದವು, ಸಂದೇಶಗಳು ಆಮೇಲೆ ಹೋದವು. ಎರಡು ಸಲ ದುಡ್ಡು ಕಟ್ಟಿದವರು ಒಬ್ಬರೂ ಇಲ್ಲ. ಮ್ಯಾಕ್ಸ್_ಕನೆಕ್ಷನ್ಸ್ ಈಗ 100ಕ್ಕೆ ಇಳಿಸಿದ್ದೇವೆ.

ಒಂದೇ ಪ್ರಶ್ನೆ ಉಳಿದಿದೆ. ಪೋಸ್ಟ್‌ಗ್ರೆಸ್‌ನ ಮೈನರ್ ಅಪ್‌ಡೇಟ್ ಹಾಕಬೇಕು. ಆ್ಯಪ್ ನಿಲ್ಲಿಸದೆ ಆಗುತ್ತದಾ?

ಹಳೇ_ಡಿಬಿಎ

ಓದಿ ಮನಸ್ಸು ತುಂಬಿತು.

ಆಗುತ್ತದೆ. ಅಡ್ಮಿನ್_ಯೂಸರ್ಸ್‌ನಲ್ಲಿ ಇರುವ ಹೆಸರಿನಿಂದ 6432ಕ್ಕೆ, ಪಿಜಿಬೌನ್ಸರ್ ಅನ್ನುವ ಡೇಟಾಬೇಸ್‌ಗೆ ಲಾಗಿನ್ ಆಗಿ. ಪ್ಯಾಕೇಜ್ ಮೊದಲೇ ಡೌನ್‌ಲೋಡ್ ಮಾಡಿಟ್ಟಿರಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಚೆಕ್‌ಪಾಯಿಂಟ್ ಕೊಡಿ, ಆಗ ನಿಲ್ಲುವುದು ಬೇಗ ಆಗುತ್ತದೆ. ಆಮೇಲೆ ಪಾಜ್ (PAUSE) ಕಮಾಂಡ್. ನಡೆಯುತ್ತಿರುವ ಟ್ರಾನ್ಸಾಕ್ಷನ್‌ಗಳು ಮುಗಿಯುವ ತನಕ ಅದು ಕಾಯುತ್ತದೆ, ಹೊಸಬರನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ವರದಿ ಸಾಲು ಸೆಷನ್ ಮೋಡ್‌ನಲ್ಲಿ ಇದೆ, ಹಾಗಾಗಿ ವರದಿ ಸರ್ವರ್‌ಗಳನ್ನು ಮೊದಲೇ ನಿಲ್ಲಿಸಿ, ಇಲ್ಲದಿದ್ದರೆ ಪಾಜ್ ಮುಗಿಯುವುದೇ ಇಲ್ಲ. ಪ್ರಾಂಪ್ಟ್ ವಾಪಸ್ ಬಂದ ಮೇಲೆ ಅಪ್‌ಡೇಟ್, ಪೋಸ್ಟ್‌ಗ್ರೆಸ್ ರಿಸ್ಟಾರ್ಟ್, ಆಮೇಲೆ ರೆಸ್ಯೂಮ್. ಸಾಲಿನಲ್ಲಿ ನಿಂತವರು 120 ಸೆಕೆಂಡ್ ದಾಟಿದರೆ ಕ್ವೆರಿ_ವೇಟ್_ಟೈಮೌಟ್ ಅವರನ್ನು ಕಳಿಸಿಬಿಡುತ್ತದೆ. ಹಿಕಾರಿ ಇನ್ನೂ ಅವಸರದ್ದು, 30 ಸೆಕೆಂಡಿಗೇ ಕೈಬಿಡುತ್ತದೆ. ಅದಕ್ಕೇ ಅರ್ಧ ನಿಮಿಷದೊಳಗೆ ಮುಗಿಸುವ ಹಾಗೆ ಟೆಸ್ಟ್ ಸರ್ವರ್‌ನಲ್ಲಿ ಎರಡು ಮೂರು ಸಲ ಕೈ ಪಳಗಿಸಿಕೊಳ್ಳಿ.

ಸರ್ವರ್_ಕೋಣೆ

ಟೆಸ್ಟ್‌ನಲ್ಲಿ ಮೂರು ಸಲ ಮಾಡಿದೆ. 19, 14, 11 ಸೆಕೆಂಡ್. ಭಾನುವಾರ ಬೆಳಿಗ್ಗೆ 6ಕ್ಕೆ ಲೈವ್ ಸರ್ವರ್‌ನಲ್ಲಿ ಮಾಡುತ್ತೇನೆ.

ರಾತ್ರಿ_ಪಾಳಿ

ಆ ಹೊತ್ತಿಗೆ ನನ್ನ ಪಾಳಿ ಇರುತ್ತದೆ. ಏನಾದರೂ ಸಿಕ್ಕಿಕೊಂಡರೆ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.